ಕೋರೆಯ ಕೋಡಿ ಎಲ್ಲಿಗೆ ಹರಿಯುತ್ತದೆ? ನಮ್ಮ ಪಂಚಾಯತಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಸದಸ್ಯರಿಗೆ, ಮತ್ತು ರಿಸಾರ್ಟ್ ಮಾಡಲು ಹೊರಟ ನಮ್ಮೂರಿನ ಮಿತ್ರರಿಗೆ,

ನಮಸ್ಕಾರ.

ಕಾಸರಗೋಡಿನ ನಮ್ಮ ಗುಡ್ಡದ ಮೇಲಿನ ಹಳೆಯ ಕೆಂಪುಕಲ್ಲಿನ ಕೋರೆಯಲ್ಲಿ ನೀರು ನಿಲ್ಲಿಸುವುದು. ಅದರಲ್ಲಿ ಅರಪೈಮಾ, ಅಲಿಗೇಟರ್ ಗಾರ್, ರೆಡ್‌ಟೇಲ್ ಕ್ಯಾಟ್‌ಫಿಶ್ ಎಂಬ ಹೊರದೇಶದ ದೈತ್ಯ ಮೀನುಗಳನ್ನು ಬಿಡುವುದು. ಸುತ್ತ ನಾಲ್ಕಾರು ಕಾಟೇಜು ಕಟ್ಟಿ, ಗಾಳ ಹಾಕಲು ಬರುವವರಿಂದ ದಿನದ ಲೆಕ್ಕದಲ್ಲಿ ಫೀಸು ತೆಗೆದುಕೊಳ್ಳುವುದು. ಇಂಥ ಒಂದು ಯೋಜನೆ ತಮ್ಮ ಮುಂದೆ ಬಂದಿದೆ ಎಂದು ಊರಿಡೀ ಸುದ್ದಿ. ಗ್ರಾಮಸಭೆಯ ನೋಟೀಸಿನಲ್ಲಿ ಇದಕ್ಕೆ ಸಿಕ್ಕಿದ್ದು ಒಂದೇ ಸಾಲು, ಅದೂ ಮಲಯಾಳದಲ್ಲಿ ಮಾತ್ರ. ನಮ್ಮ ವಾರ್ಡಿನ ಹಿರಿಯರಲ್ಲಿ ಎಷ್ಟೋ ಮಂದಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆ ಹಳೆಯ ಜಗಳವನ್ನು ಇವತ್ತು ಎಳೆಯುವುದಿಲ್ಲ. ಅವರಿಗೂ ವಿಷಯ ಗೊತ್ತಾಗಲಿ ಎಂದು ಈ ಪತ್ರವನ್ನು ಕನ್ನಡದಲ್ಲಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಪರಿಸರದ ಹೆಸರಲ್ಲಿ ಎಲ್ಲದಕ್ಕೂ ಅಡ್ಡ ಬೀಳುವವನಲ್ಲ. ಗಾಳ ಹಾಕುವವ. ಪಯಸ್ವಿನಿ ಹೊಳೆಯ ದಡದಲ್ಲಿ ಎರೆಹುಳು ಸಿಕ್ಕಿಸಿ ಕೂತವನಿಗೆ ದೊಡ್ಡ ಮೀನಿನ ಆಸೆ ಎಂಥದ್ದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಗಲ್ಫಿನಲ್ಲಿದ್ದಾಗ ರಜೆಯಲ್ಲಿ ಕಂಪೆನಿಯ ಗೆಳೆಯರ ಜತೆ ತಾಯ್ಲೆಂಡಿನ ಕ್ರಾಬಿಗೆ ಹೋಗಿದ್ದೆ. ಇಂಥದ್ದೇ ಒಂದು ರಿಸಾರ್ಟಿಗೆ. ಹಾಗಾಗಿ ನಮ್ಮ ಮಿತ್ರರು ಫೋನಿನಲ್ಲಿ ತೋರಿಸುತ್ತಿರುವ ಆ ವಿಡಿಯೋಗಳ ಹಿಂದೆ ಏನಿದೆ ಅಂತ ಸ್ವಲ್ಪ ಗೊತ್ತು.

ಅಲ್ಲಿ ಸುಣ್ಣಕಲ್ಲಿನ ಗುಡ್ಡಗಳ ಬುಡದಲ್ಲಿ ಒಂದು ಕೆರೆ. ದಡದಲ್ಲಿ ನೆರಳಿಗೆ ಸಣ್ಣ ಮಂಟಪಗಳು. ಕೆರೆಯೊಳಗೆ ದಕ್ಷಿಣ ಅಮೆರಿಕದ ಅರಪೈಮಾ ಮತ್ತು ರೆಡ್‌ಟೇಲ್, ಮೆಕಾಂಗ್ ನದಿಯ ದೈತ್ಯ ಕ್ಯಾಟ್‌ಫಿಶ್, ಸಯಾಮಿನ ದೈತ್ಯ ಕಾರ್ಪ್. ಬೇರೆ ಬೇರೆ ಖಂಡದ ಮೀನುಗಳು ಒಂದೇ ನೀರಿನಲ್ಲಿ. ಕಾರ್ಪಿಗೆ ಹಿಟ್ಟು, ತೌಡಿನ ಉಂಡೆ. ಅರಪೈಮಾಕ್ಕೆ ಮೀನಿನ ತುಂಡು.

ಅರಪೈಮಾ ಗಾಳಕ್ಕೆ ಬೀಳುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದು ಗಾಳಿ ಉಸಿರಾಡುವ ಮೀನು. ಕಿವಿರು ಇದೆ, ಆದರೆ ಬರೀ ಕಿವಿರಿನಿಂದ ಬದುಕಲಾರದು. ಹತ್ತು ಇಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಲೇಬೇಕು. ಆಗ ಗಳಕ್ ಅಂತ ಒಂದು ಸದ್ದು ಕೆರೆಯ ಆಚೆ ದಡಕ್ಕೂ ಕೇಳಿಸುತ್ತದೆ. ಗಾಳ ಕಚ್ಚಿದ ಮೇಲೆ ದಾರ ಎಳೆದುಕೊಂಡು ಹೋಗುತ್ತದೆ, ಇದ್ದಕ್ಕಿದ್ದ ಹಾಗೆ ಇಡೀ ಮೈ ನೀರಿನಿಂದ ಮೇಲಕ್ಕೆ ಹಾರುತ್ತದೆ. ಮನುಷ್ಯನಿಗಿಂತ ಉದ್ದ. ಹಿಂಬದಿಯ ಒಂದೊಂದು ಹುರುಪೆಯ ಅಂಚಿನಲ್ಲೂ ಕುಂಕುಮದ ಗೆರೆ. ದಡಕ್ಕೆ ಬಂದಾಗ ಅದನ್ನು ಮೇಲಕ್ಕೆ ಎತ್ತುವುದಿಲ್ಲ. ಕೆಲಸದವರು ಪಂಜರದಂಥ ಉದ್ದನೆಯ ಬಲೆ ಹಿಡಿದು ನೀರಿಗೆ ಇಳಿಯುತ್ತಾರೆ, ಹಿಡಿದವನೂ ಎದೆಮಟ್ಟ ನೀರಿಗೆ ಇಳಿಯಬೇಕು. ಫೋಟೋ ನೀರಿನಲ್ಲೇ. ಅಷ್ಟೂ ಹೊತ್ತು ಒಬ್ಬ ಅದರ ತಲೆಯನ್ನು ಮೇಲಕ್ಕೆ ಆನಿಸಿ ಹಿಡಿದಿರುತ್ತಾನೆ. ದಣಿದ ಮೀನಿಗೆ ಮೇಲೆ ಬಂದು ಉಸಿರೆಳೆಯಲು ಆಗದಿದ್ದರೆ ಅದು ಮುಳುಗಿ ಸಾಯುತ್ತದೆ. ಮೀನು ನೀರಿನಲ್ಲಿ ಮುಳುಗಿ ಸಾಯುವುದು ಅಂದರೆ ನಮ್ಮೂರಿನಲ್ಲಿ ಯಾರಾದರೂ ನಂಬುತ್ತಾರಾ?

ಅಲ್ಲಿ ಗಾಳಕ್ಕೆ ಮುಳ್ಳು ಇರುವುದಿಲ್ಲ, ಇದ್ದರೆ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಸುತ್ತಾರೆ. ಹಿಡಿದ ಮೀನು ಮತ್ತೆ ಕೆರೆಗೇ. ತಿನ್ನುವ ಪ್ರಶ್ನೆಯೇ ಇಲ್ಲ. (ಮನೆಯಲ್ಲಿ ಪುಳಿಮುಂಚಿಗೆ ಅರೆದಿಟ್ಟು ಕಾಯುತ್ತಿರುವವರಿಗೆ ಇದನ್ನು ಹೇಗೆ ಹೇಳುವುದು ಅಂತ ನನಗಿನ್ನೂ ತಿಳಿದಿಲ್ಲ.) ಅದರಲ್ಲಿ ಒಳ್ಳೆಯದೂ ಇದೆ ಅನ್ನಿ. ಮೆಕಾಂಗ್ ದೈತ್ಯ ಕ್ಯಾಟ್‌ಫಿಶ್ ತನ್ನ ನದಿಯಲ್ಲಿ ಇವತ್ತು ಅಳಿವಿನ ಅಂಚಿನಲ್ಲಿದೆ. 2005ರಲ್ಲಿ ಉತ್ತರ ತಾಯ್ಲೆಂಡಿನಲ್ಲಿ ಬಲೆಗೆ ಬಿದ್ದ ಒಂದು 293 ಕಿಲೋ ತೂಗಿತ್ತು. ಈಗ ಸಾಮಾನ್ಯ ಮನುಷ್ಯ ಅದನ್ನು ಮುಟ್ಟಿ ನೋಡಬೇಕಾದರೆ ಇಂಥ ಸಾಕಿದ ಕೆರೆಗೇ ಹೋಗಬೇಕು.

ಜನ ಬರುತ್ತಾರೆ ಎಂಬುದರಲ್ಲೂ ನನಗೆ ಸಂಶಯ ಇಲ್ಲ. ಅನಂತಪುರ ದೇವಸ್ಥಾನದ ಬಬಿಯಾ ಎಂಬ ಒಂದು ಮೊಸಳೆಯನ್ನು ನೋಡಲು ಎಲ್ಲೆಲ್ಲಿಂದ ಜನ ಬರುತ್ತಿದ್ದರು! 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಮನೆಯವರೇ ಹೋದ ಹಾಗೆ ಅತ್ತವರಿದ್ದಾರೆ. ಬೇಕಲದವರೆಗೆ ಬರುವ ಪ್ರವಾಸಿಗಳು ನಮ್ಮ ಗುಡ್ಡಕ್ಕೂ ಹತ್ತಿದರೆ ಬೇಡ ಅನ್ನುವವರು ಯಾರು? ಅಡಿಕೆಗೆ ಹಳದಿ ರೋಗ, ಎಲೆಚುಕ್ಕಿ ರೋಗ. ಬೇರೆ ಆದಾಯ ಬೇಕೇ ಬೇಕು. ಕೋರೆಯಂತೂ ಕಲ್ಲು ತೆಗೆದು ಮುಗಿದ ಮೇಲೆ ಪಾಳು ಬಿದ್ದಿದೆ, ಮಕ್ಕಳು ಬಿದ್ದಾರೆಂಬ ಹೆದರಿಕೆ ಬಿಟ್ಟರೆ ಯಾರಿಗೂ ಏನೂ ಕೊಡುತ್ತಿಲ್ಲ.

ನನ್ನ ಪ್ರಶ್ನೆ ಒಂದೇ. ಜುಲೈಯಲ್ಲಿ ಆ ಕೋರೆಯ ಕೋಡಿ ಎಲ್ಲಿಗೆ ಹರಿಯುತ್ತದೆ?

ಜಿಲ್ಲೆಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಪಾರೆಯ, ಅಂದರೆ ಗುಡ್ಡದ ಕಲ್ಲುಹಾಸಿನ, ಮೇಲೆ ಬಿದ್ದ ನೀರು ಇಂಗುವಷ್ಟು ಇಂಗಿ, ಮಿಕ್ಕಿದ್ದು ತಗ್ಗು ಹುಡುಕುತ್ತದೆ. ಆ ಗುಡ್ಡದಲ್ಲಿ ತಗ್ಗು ಅಂದರೆ ಕೋರೆಯೇ. ಮಳೆ ಹಿಡಿದು ಕೆಲವೇ ವಾರದಲ್ಲಿ ತುಂಬುತ್ತದೆ. ಆಮೇಲೆ ಮೊದಲು ಲಾರಿ ಇಳಿಯುತ್ತಿದ್ದ ಇಳಿಜಾರಿನ ಕಡೆಯಿಂದ ಹೊರಗೆ ಹಾರುತ್ತದೆ. ಅಲ್ಲಿಂದ ತೋಡು. ತೋಡಿನಿಂದ ನಮ್ಮ ತೋಟಗಳ ಕಟ್ಟಗಳನ್ನು ದಾಟಿ ಪಯಸ್ವಿನಿ. ಪಯಸ್ವಿನಿಯಿಂದ ಬಾವಿಕ್ಕರೆ, ಅಂದರೆ ಕಾಸರಗೋಡು ಪೇಟೆಯವರು ಕುಡಿಯುವ ನೀರು. ಮತ್ತೆ ಚಂದ್ರಗಿರಿ ಕೋಟೆಯ ಬುಡ, ಅಳಿವೆ, ಸಮುದ್ರ.

ಈ ದಾರಿಯಲ್ಲಿ ಎಲ್ಲೂ ಬೀಗ ಇಲ್ಲ.

ಕೋಡಿಗೆ ಬಲೆ ಹಾಕುತ್ತೇವೆ ಎಂದು ಮಿತ್ರರು ಹೇಳುತ್ತಿದ್ದಾರಂತೆ. ಸಂತೋಷ. ಅವರು ಮಳೆಗಾಲದ ಒಂದು ರಾತ್ರಿ ಅಲ್ಲಿ ನಿಲ್ಲಲಿ. ಗುಡ್ಡದ ಮೇಲೆ ಇರುವುದು ಗೇರು ಮತ್ತು ಅಕೇಶಿಯಾ. ಎರಡರ ಎಲೆಯೂ ದಪ್ಪ, ಬೇಗ ಕೊಳೆಯುವುದಿಲ್ಲ. ಒಂದು ಜೋರು ಮಳೆಗೆ ಬಲೆಯ ಕಣ್ಣೆಲ್ಲ ಎಲೆ ಮೆತ್ತಿಕೊಂಡು ಗೋಡೆಯಾಗುತ್ತದೆ. ನೀರಿಗೆ ಬಲೆಯ ಮೂಲಕ ಹೋಗಲು ಆಗದಿದ್ದರೆ ಬಲೆಯ ಮೇಲಿನಿಂದ ಹೋಗುತ್ತದೆ, ಇಲ್ಲವೇ ಬಲೆಯನ್ನೇ ಹೊತ್ತುಕೊಂಡು ಹೋಗುತ್ತದೆ. ನಮ್ಮ ತೋಟದ ಕೆರೆಯ ತೂಬಿಗೆ ಹಾಕಿದ ಸಣ್ಣ ಬಲೆಯನ್ನೇ ಆಟಿ ತಿಂಗಳ ಮಳೆಯಲ್ಲಿ ಬೆಳಿಗ್ಗೆ ಸಂಜೆ ಕೈಯಿಂದ ಉಜ್ಜಬೇಕು. ರಾತ್ರಿ ಎರಡು ಗಂಟೆಗೆ ಕರೆಂಟಿಲ್ಲದಾಗ, ಸಿಡಿಲು ಬಡಿಯುವಾಗ ಕೋರೆಯ ಬಾಯಿಗೆ ಇಳಿದು ಎಲೆ ಬಾಚುವವ ಯಾರು? ಆ ಸಂಬಳ ಯೋಜನೆಯ ಲೆಕ್ಕದಲ್ಲಿ ಇದೆಯಾ?

ದೊಡ್ಡ ಮೀನು ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಡಿ. ಈ ದೈತ್ಯಗಳು ಲಾರಿಯಲ್ಲಿ ಬರುವುದಿಲ್ಲ. ಅಂಗೈಯಷ್ಟಿರುವ ಮರಿಗಳು ಅಕ್ವೇರಿಯಂ ವ್ಯಾಪಾರದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬರುತ್ತವೆ. ಮೊದಲ ಮಳೆಗಾಲಕ್ಕೆ ಬಲೆಯ ಕಣ್ಣೂ ಸಾಕು, ಕೋಡಿಯ ಒಂದು ಗೇಣು ನೀರೂ ಸಾಕು.

ಇದೆಲ್ಲ ನನ್ನ ಊಹೆಯಾಗಿದ್ದರೆ ಒಳ್ಳೆಯದಿತ್ತು. ನಮ್ಮ ರಾಜ್ಯದಲ್ಲೇ ಆಗಿಹೋಗಿದೆ. 2018ರ ಆಗಸ್ಟಿನ ನೆರೆಯ ನಂತರ ಚಾಲಕ್ಕುಡಿ ಹೊಳೆಯಲ್ಲಿ ಬಲೆ ಹಾಕಿದವರಿಗೆ ಅರಪೈಮಾ ಸಿಕ್ಕಿತು. ಕೇರಳದ ಹೊಳೆಗಳಲ್ಲಿ ಅಲಿಗೇಟರ್ ಗಾರ್ ಕೂಡ ಕಂಡಿತು. ಕದ್ದುಮುಚ್ಚಿ ಸಾಕಿದ್ದ ಕೆರೆಗಳಿಂದ, ಫಾರ್ಮುಗಳಿಂದ ನೆರೆಯ ಜತೆ ಹೊರಬಿದ್ದವು ಅವು. ಮೀನು ವಿಜ್ಞಾನಿಗಳು ಮರುವರ್ಷವೇ ಇದನ್ನು ಬರೆದು ಎಚ್ಚರಿಸಿದರು. ಆಫ್ರಿಕನ್ ಮುಗುಡು ಮೀನಿನ ಕಥೆ ತಮಗೇ ಗೊತ್ತಿದೆ. ದೇಶದಲ್ಲಿ ಅದರ ಸಾಕಣೆಗೆ ನಿಷೇಧ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಅದು ಇವತ್ತಿಗೂ ಚರಂಡಿಯಲ್ಲೂ ಇದೆ, ಹೊಳೆಯಲ್ಲೂ ಇದೆ. ಕಾಗದದ ಮೇಲಿನ ನಿಷೇಧವನ್ನು ಮೀನು ಓದುವುದಿಲ್ಲ.

ದೂರದ ಒಂದು ಉದಾಹರಣೆ ನಮ್ಮ ಕೋರೆಗೆ ಇನ್ನೂ ಹತ್ತಿರದ್ದು. ಪನಾಮಾದಲ್ಲಿ 1960ರ ದಶಕದಲ್ಲಿ ಅಮೆಜಾನ್ ಕಡೆಯ ಪೀಕಾಕ್ ಬಾಸ್ ಎಂಬ ಬೇಟೆಯ ಮೀನನ್ನು ತಂದು ಒಂದು ಕೊಳದಲ್ಲಿ ಬಿಟ್ಟರು. ಗಾಳಕ್ಕೂ ಆಯಿತು, ಊಟಕ್ಕೂ ಆಯಿತು ಅಂತ. ಜೋರು ಮಳೆ ಬಂತು. ಕೊಳದ ಮೀನು ಚಾಗ್ರೆಸ್ ನದಿಗೆ ಇಳಿಯಿತು, ಅಲ್ಲಿಂದ ಪನಾಮಾ ಕಾಲುವೆಯ ಗಾಟೂನ್ ಸರೋವರಕ್ಕೆ. ಕೆಲವೇ ವರ್ಷದಲ್ಲಿ ಅಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಸಣ್ಣ ಮೀನಿನ ಜಾತಿಗಳು ಹೆಚ್ಚಿನವು ಕಾಣದಾದವು, ಅವನ್ನು ನಂಬಿದ್ದ ಹಕ್ಕಿಗಳೂ ಕಡಿಮೆಯಾದವು. ನಾಲ್ಕು ದಶಕ ಕಳೆದು ಮತ್ತೆ ಹೋಗಿ ನೋಡಿದಾಗಲೂ ಹಳೆಯ ಮೀನು ಮರಳಿರಲಿಲ್ಲ. ಹಾಂ, ಪೀಕಾಕ್ ಬಾಸ್ ಹಿಡಿಯಲು ಅಲ್ಲಿಗೆ ಇವತ್ತೂ ಪ್ರವಾಸಿಗಳು ಬರುತ್ತಾರೆ. ಅದನ್ನು ಮುಚ್ಚಿಡುವುದಿಲ್ಲ. ಅರಪೈಮಾ ಕೂಡ ಹೀಗೇ ಪೆರುವಿನ ಸಾಕಣೆ ಕೆರೆಗಳಿಂದ ತಪ್ಪಿಸಿಕೊಂಡು, ತಾನು ಹಿಂದೆಂದೂ ಇಲ್ಲದಿದ್ದ ಬೊಲಿವಿಯಾದ ನದಿಗಳಿಗೆ ಇಳಿದಿದೆ.

ನಮ್ಮ ಹೊಳೆಯಲ್ಲಿ ಅದು ಬದುಕುತ್ತದಾ ಎಂದು ಕೇಳುವವರಿದ್ದಾರೆ. ಚಳಿ ದೇಶಗಳಲ್ಲಿ ಇಂಥ ಮೀನು ತಪ್ಪಿಸಿಕೊಂಡರೆ ಚಳಿಗಾಲವೇ ಅದನ್ನು ಕೊಲ್ಲುತ್ತದೆ. ಮುಳ್ಳೇರಿಯದಲ್ಲಿ ಅಂಥ ಚಳಿ ಎಲ್ಲಿದೆ? ಇನ್ನು ಬೇಸಿಗೆ. ಮಾರ್ಚ್ ಏಪ್ರಿಲ್‌ನಲ್ಲಿ ಪಯಸ್ವಿನಿ ಹರಿಯುವುದು ನಿಂತು ಕಯಗಳಾಗಿ, ಅಂದರೆ ನೀರು ನಿಂತ ಗುಂಡಿಗಳಾಗಿ, ತುಂಡಾಗುತ್ತದೆ. ಹೊಳೆಯ ಮೀನೆಲ್ಲ ಆ ಕಯಗಳಲ್ಲಿ ಸೇರಿ ಮಳೆ ಕಾಯುತ್ತದೆ. ನೀರು ಬಿಸಿ, ಪಾಚಿ, ಆಮ್ಲಜನಕ ಕಡಿಮೆ. ನಮ್ಮ ಮೀನು ಏದುಸಿರು ಬಿಡುವ ಹೊತ್ತು ಅದು. ಅರಪೈಮಾಕ್ಕೆ ಆ ಚಿಂತೆಯೇ ಇಲ್ಲ, ಮೇಲೆ ಬಂದು ಗಾಳಿ ನುಂಗುತ್ತದೆ. ಒಂದು ಕಯಕ್ಕೆ ಅಂಥದ್ದು ಒಂದು ಸೇರಿದರೆ ಸಾಕು. ಮುಂದಿನ ಮಳೆಗೆ ಮೊಟ್ಟೆಯಿಡಬೇಕಾದ ಮೀನೆಲ್ಲ ಬಾಯಿಯ ಮುಂದೆ ಬಡಿಸಿಟ್ಟ ಹಾಗೆ. ಮರಿ ಹಾಕಿದರಂತೂ ಕೇಳಲೇಬೇಡಿ. ಗಂಡು ಅರಪೈಮಾ ಮರಿಗಳನ್ನು ತನ್ನ ತಲೆಯ ಮೇಲೇ ಗುಂಪಾಗಿ ಈಜಿಸುತ್ತ ಕಾಯುತ್ತದೆ. ನಮ್ಮ ಹೊಳೆಯಲ್ಲಿ ಅದರ ಎದುರು ನಿಲ್ಲುವ ಜೀವಿ ಯಾವುದು? ಅಲಿಗೇಟರ್ ಗಾರ್ ಇನ್ನೂ ಒಂದು ಹೆಜ್ಜೆ ಮುಂದೆ, ಅದಕ್ಕೆ ಸೌಳು ನೀರೂ ಆಗುತ್ತದೆ. ಬಾವಿಕ್ಕರೆಯ ಕೆಳಗೆ ಉಪ್ಪು ನೀರು ತಡೆಯುತ್ತದೆ ಎಂಬ ಭರವಸೆಯೂ ಹೋಯಿತು.

ಇದೇ ಹೊಳೆಯ ಮೇಲ್ಭಾಗಕ್ಕೆ, ಸುಳ್ಯದ ತೊಡಿಕಾನಕ್ಕೆ ಹೋದರೆ ದೇವಸ್ಥಾನದ ನೀರಿನಲ್ಲಿ ಮಹಶೀರ್ ಮೀನುಗಳಿಗೆ ಜನ ಅಕ್ಕಿ ಹಾಕುತ್ತಾರೆ. ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲ. ನಮ್ಮಲ್ಲಿ ತಪ್ಪಿಸಿಕೊಂಡದ್ದಕ್ಕೆ ಅವರೂ ಉತ್ತರ ಕೇಳುತ್ತಾರೆ.

ಇನ್ನೊಂದು ವಿಚಿತ್ರ ನೋಡಿ. ಮೊದಲ ಮಳೆಗೆ ತೋಡು ಹತ್ತಿ ಬರುವ ಮೀನನ್ನು ಹಿಡಿಯುವುದು ಕೇರಳದಲ್ಲಿ ಕಾನೂನಿಗೆ ವಿರುದ್ಧ. ಮೊಟ್ಟೆಯಿಡಲು ಬರುವ ಮೀನು, ಬಿಡಿ ಎನ್ನುತ್ತದೆ ಇಲಾಖೆ. ಸರಿಯಾದ ಮಾತು. ಗದ್ದೆಯ ಬದುವಿನಲ್ಲಿ ಮೀನು ಹಿಡಿಯುವ ಕೂಳಿ ಇಟ್ಟ ಹುಡುಗನಿಗೆ ಕೇಸು ಹಾಕಬಹುದಾದ ಊರಿನಲ್ಲಿ, ಆ ಮೀನಿನ ಕುಲವನ್ನೇ ನುಂಗುವಂಥದ್ದನ್ನು ತೋಡಿನ ತಲೆಯಲ್ಲಿ ಸಾಕಲು ಲೈಸೆನ್ಸ್ ಕೊಡುವುದಾ?

ಎಣ್ಮಕಜೆ ಕಡೆಯವರಿಗೆ ನಾನು ಇಷ್ಟೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಗುಡ್ಡದ ಮೇಲಿನದ್ದು ಕೆಳಗಿನ ತೋಡಿಗೆ, ಬಾವಿಗೆ, ಕುಡಿಯುವ ನೀರಿನ ಸುರಂಗಕ್ಕೆ ಹೇಗೆ ಬಂತು ಅಂತ ಆ ಮನೆಗಳವರು ಮೈಯಲ್ಲೇ ಕಂಡಿದ್ದಾರೆ. ಮೀನನ್ನು ವಿಷಕ್ಕೆ ಹೋಲಿಸುತ್ತಿಲ್ಲ. ನೀರಿನ ದಾರಿ ಅದೇ ಎಂದಷ್ಟೇ ಹೇಳುತ್ತಿದ್ದೇನೆ.

ಮಿತ್ರರೇ, ಈಗ ನಿಮ್ಮ ಹತ್ತಿರ ಒಂದು ಮಾತು. ಯೋಜನೆ ಗೆದ್ದರೆ ಸರಿ. ಸೋತರೆ? ಕೆಲವು ವರ್ಷಗಳ ಹಿಂದೆ ಎಮು ಸಾಕಿದರೆ ಲಕ್ಷಾಧಿಪತಿ ಅಂತ ತಮಿಳುನಾಡಿನ ಕಡೆ ಹುಚ್ಚೆದ್ದಿತ್ತು. 2012ರ ಹೊತ್ತಿಗೆ ಅದು ಕುಸಿದುಬಿತ್ತು. ಹಕ್ಕಿಗೆ ಮೇವು ಹಾಕಲು ದುಡ್ಡಿಲ್ಲದೆ ಬಿಟ್ಟು ಓಡಿದವರೂ ಇದ್ದರು. ಎಮು ಪಾಪ, ತೋಡಿಗೆ ಇಳಿದು ಹೋಗಲಿಲ್ಲ. ಅರಪೈಮಾ ಹತ್ತಾರು ವರ್ಷ ಬದುಕುವ ಮೀನು. ನೂರು ಕಿಲೋ ತೂಗುವ ಒಂದಕ್ಕೆ ದಿನಾ ಮೀನು ತಂದು ಹಾಕಬೇಕು. ಟ್ರಾಲಿಂಗ್ ನಿಷೇಧದ ದಿನಗಳಲ್ಲಿ ಬೂತಾಯಿ ಕಿಲೋಗೆ ಎಷ್ಟಾಗುತ್ತದೆ ಅಂತ ಕುಂಬಳೆ ಮಾರ್ಕೆಟಿನಲ್ಲಿ ಒಮ್ಮೆ ವಿಚಾರಿಸಿ. ಪ್ರವಾಸಿ ಬರುವುದು ಡಿಸೆಂಬರಿನಲ್ಲಿ, ಹಸಿವು ಹನ್ನೆರಡು ತಿಂಗಳೂ. ಬೇಸಿಗೆಯಲ್ಲಿ ಕೋರೆ ಬತ್ತಿದರೆ ನೀರು ಎಲ್ಲಿಂದ? ನಮಗೇ ಟ್ಯಾಂಕರ್ ಬರುವ ತಿಂಗಳು ಅದು.

ಕಾಗದದ ವಿಷಯವೂ ಸಣ್ಣದಲ್ಲ. ಹೊರದೇಶದ ಜೀವಂತ ಮೀನು ತರಿಸಲು ಕೇಂದ್ರದ ಅನುಮತಿ ಬೇಕು. ಅರಪೈಮಾ 1975ರಿಂದ, ಕಾಡುಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಅಂಥ ಪಟ್ಟಿಯ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ತೊಟ್ಟೆಯಲ್ಲಿ ಬಂದ ಮರಿಗೆ ಇದೆಲ್ಲ ಇರುತ್ತದಾ? ಪಂಚಾಯತಿಯ ಕಟ್ಟಡ ಪರವಾನಗಿ ಕೈಗೆ ಬಂದ ಕೂಡಲೇ ಮಿಕ್ಕಿದ್ದೆಲ್ಲ ಆಗಿದೆ ಎಂದು ತಿಳಿಯುವುದು ನಮ್ಮ ಕಡೆಯ ಅಭ್ಯಾಸ.

ಗಾಳದ ಪ್ರವಾಸೋದ್ಯಮ ಬೇಕೇ ಬೇಕು ಎಂದಿದ್ದರೆ ಕೆಳಗೆ ಅಳಿವೆಯ ಕಡೆ ನೋಡಿ. ತಾಯ್ಲೆಂಡಿನ ಕೊಳಗಳಲ್ಲಿ ದುಡ್ಡು ಕೊಟ್ಟು ಹಿಡಿಯುವ ಬಾರಮಂಡಿ ಅಂದರೆ ನಮ್ಮ ಕಾಳಾಂಜಿಯೇ. ಆಸ್ಟ್ರೇಲಿಯದಲ್ಲಿ ಅದಕ್ಕೆಂದೇ ದೋಣಿ, ಗೈಡು, ಪ್ಯಾಕೇಜು ಎಲ್ಲ ಇದೆ. ನಮ್ಮ ಅಳಿವೆಗಳಲ್ಲಿ ಅದು ತನ್ನಷ್ಟಕ್ಕೆ ಇದೆ. ತಪ್ಪಿಸಿಕೊಂಡರೆ ಮನೆಗೇ ಹೋಗುತ್ತದೆ. ಕೋರೆಯೇ ಬೇಕಾದರೆ ಕಾಟ್ಲಾ ಬಿಡಿ. ಅದೂ ಗಂಗೆಯ ಕಡೆಯದು, ನಮ್ಮದಲ್ಲ. ಆದರೆ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಬೇರೆ ಮೀನನ್ನು ಬೇಟೆಯಾಡುವುದಿಲ್ಲ. ಹತ್ತು ಕಿಲೋದ ಕಾಟ್ಲಾ ಗಾಳಕ್ಕೆ ಬಿದ್ದಾಗ ಕೈ ನಡುಗದವರನ್ನು ನಾನು ನೋಡಿಲ್ಲ.

ಪಂಚಾಯತಿಯಿಂದ ನಾನು ಕೇಳುವುದು ಹೆಚ್ಚೇನಿಲ್ಲ. ಈ ಮಳೆಗಾಲ ಮುಗಿಯುವವರೆಗೆ ಯಾವ ಅನುಮತಿಯನ್ನೂ ಕೊಡಬೇಡಿ. ಜುಲೈಯಲ್ಲಿ ಕೋಡಿಯ ಅಳತೆ ಮಾಡಿಸಿ, ನೀರು ಹೋಗುವ ದಾರಿಯ ನಕ್ಷೆಯನ್ನು ತೋಡಿನ ಎರಡೂ ಬದಿಯ ಮನೆಯವರಿಗೆ ಕನ್ನಡದಲ್ಲೂ ಮಲಯಾಳದಲ್ಲೂ ಕೊಡಿ. ಯಾವ ಯಾವ ಮೀನು, ಎಲ್ಲಿಂದ ಬರುತ್ತದೆ, ಯಾರ ಅನುಮತಿ ಎಂಬುದು ಬರಹದಲ್ಲಿ ಇರಲಿ. ವ್ಯವಹಾರ ಮುಚ್ಚಿದರೆ ಕೆರೆ ಖಾಲಿ ಮಾಡಿ ಮೀನನ್ನೆಲ್ಲ ತೆಗೆಯುವಷ್ಟು ಠೇವಣಿಯನ್ನು ಮೊದಲೇ ಇಡಿಸಿಕೊಳ್ಳಿ. ಮೀನುಗಾರಿಕೆ ಇಲಾಖೆಯವರನ್ನೂ, ಜೀವವೈವಿಧ್ಯ ಸಮಿತಿಯವರನ್ನೂ ಕರೆಸಿ. ಆ ಸಮಿತಿ ನಮ್ಮ ಪಂಚಾಯತಿಯಲ್ಲಿ ಹೆಸರಿಗಾದರೂ ಇರಬೇಕಲ್ವಾ?

ಅಳತೆಗೆ ಬರುವ ದಿನ ನನಗೊಂದು ಫೋನ್ ಮಾಡಿಸಿ. ಜೀಪು ಮೇಲಿನ ತಿರುವಿನವರೆಗೆ ಮಾತ್ರ ಬರುತ್ತದೆ, ಅಲ್ಲಿಂದ ಆಚೆ ಪಾರೆಯ ಮೇಲೆ ಜಾರುತ್ತದೆ. ಇಂಜಿನಿಯರ್ ಸಾಹೇಬರು ಟೇಪು ತರಲಿ. ಕೋಡಿಯ ಆಚೆ ಬದಿಗೆ ದಾಟಲು ಹಗ್ಗ ಬೇಕಾಗುತ್ತದೆ, ಅದನ್ನು ನಾನು ತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತೋಡಿನ ಕೆಳಗಿನ ಬದಿಯ ಒಬ್ಬ ಅಡಿಕೆ ಕೃಷಿಕ